ಮುಳ್ಳಯ್ಯನಗಿರಿ ಹತ್ತಿದ ಮೇಲೆ ಸುತ್ತಲಿನ ಗಿರಿಗಳನ್ನು ಗುರುತಿಸೋದು ಹೇಗೆ?

ಮುಳ್ಳಯ್ಯನಗಿರಿಗೆ ಹೋಗಿ ಬಂದವರನ್ನು ಅಲ್ಲಿಂದ ಏನೇನು ಕಾಣಿಸಿತು ಅಂತ ಸುಮ್ನೆ ಕೇಳಿ ನೋಡಿ. ಮಂಜು ಅನ್ನುತ್ತಾರೆ, ಗಾಳಿ ಅನ್ನುತ್ತಾರೆ, ಗಾಡಿ ನಿಲ್ಲಿಸೋಕೆ ಜಾಗವೇ ಸಿಗಲಿಲ್ಲ ಅನ್ನುತ್ತಾರೆ. ಎದುರಿಗೆ ಸಾಲಾಗಿ ನಿಂತಿದ್ದ ಗಿರಿಗಳ ಹೆಸರು ಕೇಳಿದರೆ ಮಾತ್ರ "ಅದೆಲ್ಲಾ ಪಶ್ಚಿಮ ಘಟ್ಟ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಕರ್ನಾಟಕದಲ್ಲೇ ಅತಿ ಎತ್ತರದ ಜಾಗದ ಮೇಲೆ ನಿಂತು ಅಷ್ಟೇ ಗೊತ್ತಾಗಿದ್ದು ಅಂದರೆ ಪೆಟ್ರೋಲ್ ದುಡ್ಡು ದಂಡ ಅಲ್ವಾ?

ಹಾಗಾಗಿ ಈ ಲೇಖನ. ಎಲ್ಲಿ ಉಳಿಯಬೇಕು, ಎಲ್ಲಿ ತಿನ್ನಬೇಕು ಅನ್ನೋದು ಇಲ್ಲಿ ಸಿಗುವುದಿಲ್ಲ. ನೆತ್ತಿಯ ಮೇಲೆ ನಿಂತಾಗ ಯಾವ ದಿಕ್ಕಿನಲ್ಲಿ ಯಾವ ಗಿರಿ, ಯಾವುದು ಎಷ್ಟು ಎತ್ತರ, ಬಿದ್ದ ಮಳೆ ಎತ್ತ ಹರಿಯುತ್ತದೆ, ಇದನ್ನೆಲ್ಲ ನೀವೇ ಓದಿಕೊಳ್ಳುವುದು ಹೇಗೆ ಅಂತ ಹಂತಹಂತವಾಗಿ ಹೇಳುತ್ತೇನೆ. ಬೇಕಾದ ಸಾಮಾನು ಕಡಿಮೆ. ಒಂದು ನಕ್ಷೆ, ಚಾರ್ಜ್ ಇರುವ ಫೋನು, ಪಾರದರ್ಶಕವಾದ ನೀರಿನ ಬಾಟಲಿ ಒಂದು. ಬಾಟಲಿ ಕುಡಿಯೋಕೆ ಮಾತ್ರ ಅಲ್ಲ, ಅದರ ಕೆಲಸ ಆಮೇಲೆ ಬರುತ್ತದೆ.

1. ಮೊದಲು ಮನೆಯಲ್ಲೇ ನಕ್ಷೆ ಬಿಡಿಸಿ

ಸರ್ವೇ ಆಫ್ ಇಂಡಿಯಾದ ಹಳೆಯ ಲೆಕ್ಕದಲ್ಲಿ ಮುಳ್ಳಯ್ಯನಗಿರಿ 48 ಓ/11 ಅನ್ನುವ ಹಾಳೆಯಲ್ಲಿ ಬರುತ್ತದೆ. ಅದರ ಪೂರ್ವದ ಅಂಚು 75 ಡಿಗ್ರಿ 45 ನಿಮಿಷ ರೇಖಾಂಶಕ್ಕೆ ಮುಗಿಯುತ್ತದೆ. ಇದೊಂದು ರಗಳೆ, ಯಾಕೆಂದರೆ ಗಿರಿಸಾಲು ಆ ಅಂಚು ದಾಟಿ ಪಕ್ಕದ 48 ಓ/15 ಹಾಳೆಗೂ ಹೋಗುತ್ತದೆ. ಎರಡನ್ನೂ ಇಟ್ಟುಕೊಳ್ಳಿ. ಈಗ ಇವನ್ನು ಸಂಸ್ಥೆಯ ಪೋರ್ಟಲ್‌ನಲ್ಲಿ ಖಾತೆ ಮಾಡಿಕೊಂಡು ಇಳಿಸಿಕೊಳ್ಳಬಹುದು. ಅಲ್ಲಿ ಹೊಸ ಸಂಖ್ಯೆ ಇರುತ್ತದೆ, ಜಿಲ್ಲೆಯ ಹೆಸರು ಹಿಡಿದು ಹುಡುಕಿದರೆ ಸುಲಭ. ಅಷ್ಟೆಲ್ಲ ಯಾರು ಮಾಡ್ತಾರೆ ಅನಿಸಿದರೆ ಗೂಗಲ್ ಮ್ಯಾಪ್‌ನಲ್ಲಿ ಟೆರೇನ್ ಪದರ ಹಾಕಿಕೊಳ್ಳಿ, ಆಗುತ್ತದೆ. ಆದರೆ ಕಾಗದದ ಮೇಲೆ ಪೆನ್ಸಿಲ್ ಓಡಿಸುವಷ್ಟು ಚೆನ್ನಾಗಿ ಅದು ತಲೆಗೆ ಹೋಗುವುದಿಲ್ಲ.

1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕಂದು ಬಣ್ಣದ ಗೆರೆಗಳು ಕಾಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರ ಇದ್ದರೆ ಮಟ್ಟಸ. ಇಷ್ಟು ಗೊತ್ತಿದ್ದರೆ ಸಾಕು.

ಈಗ ಮುಳ್ಳಯ್ಯನಗಿರಿಯ ನೆತ್ತಿಗೆ ಪೆನ್ಸಿಲ್ ಇಡಿ. ಅಲ್ಲಿಂದ ಆದಷ್ಟೂ ಎತ್ತರದಲ್ಲೇ ಇರುವ ಹಾಗೆ, ಏಣಿನ ಮೇಲೇ, ಅಂದರೆ ಎರಡೂ ಕಡೆ ಇಳಿಜಾರಿರುವ ಬೆಟ್ಟದ ಬೆನ್ನಿನ ಮೇಲೇ, ಗೆರೆ ಎಳೆಯುತ್ತಾ ಹೋಗಿ. ಕಣಿವೆಗೆ ಇಳಿಯಬೇಡಿ. ಗೆರೆ ಮೊದಲು ಈಶಾನ್ಯದ ಕಡೆ ಬಾಬಾಬುಡನ್‌ಗಿರಿಗೆ ಹೋಗುತ್ತದೆ, ಅಲ್ಲಿಂದ ಪೂರ್ವದ ಗೋಡೆಯ ಮೇಲೆ ಉತ್ತರಕ್ಕೆ ಸಾಗಿ ಕಲ್ಹತ್ತಿಗಿರಿ ಮುಟ್ಟುತ್ತದೆ, ಆಮೇಲೆ ಪಶ್ಚಿಮಕ್ಕೆ ಬಾಗಿ ಕೆಮ್ಮಣ್ಣುಗುಂಡಿ, ಹೆಬ್ಬೆ ಗುಡ್ಡಗಳ ಕಡೆ ತಿರುಗುತ್ತದೆ. ಕೈ ಎತ್ತಿ ನೋಡಿ. ನೀವು ಬರೆದಿದ್ದು ಒಂದು ಕುದುರೆ ಲಾಳ. ಲಾಳದ ಬಾಯಿ ವಾಯವ್ಯಕ್ಕೆ ತೆರೆದಿದೆ. ಒಳಗಿರುವುದು ಜಾಗರ ಕಣಿವೆ.

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ: ಮುಳ್ಳಯ್ಯನಗಿರಿ ಒಂಟಿ ಬೆಟ್ಟ ಅಲ್ಲ. ಅದು ಈ ಲಾಳದ ದಕ್ಷಿಣದ ಅಂಚಿನ ಮೇಲೆ ಎದ್ದಿರುವ ಒಂದು ತುದಿ. ಅಕ್ಕಪಕ್ಕದ ಗಿರಿಗಳೆಲ್ಲ ಅದೇ ಅಂಚಿನ ಬೇರೆ ಬೇರೆ ತುದಿಗಳು. ಇಡೀ ಸಾಲಿಗೆ ಚಂದ್ರದ್ರೋಣ ಪರ್ವತ ಅಂತ ಹೆಸರು, ಬಾಬಾಬುಡನ್ ಗಿರಿಶ್ರೇಣಿ ಅಂತಲೂ ಕರೆಯುತ್ತಾರೆ. ಒಳಗೆ ಯಾವುದು, ಹೊರಗೆ ಯಾವುದು ಅಂತ ತಿಳಿದುಬಿಟ್ಟರೆ ಮಂಜು ಮುಸುಕಿದಾಗಲೂ ದಿಕ್ಕು ತಪ್ಪುವುದಿಲ್ಲ.

2. ಎತ್ತರಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಪೂರ್ತಿ ನಂಬಬೇಡಿ

ಮುಳ್ಳಯ್ಯನಗಿರಿ 1,930 ಮೀಟರ್ ಅಂತ ಎಲ್ಲ ಕಡೆ ಓದುತ್ತೀರಿ. ಹಳೆಯ ಗೆಜೆಟಿಯರ್‌ನಲ್ಲಿ 6,317 ಅಡಿ ಅಂತಿದೆ, ಅದು 1,925 ಮೀಟರ್ ಆಗುತ್ತದೆ. ಬಾಬಾಬುಡನ್‌ಗಿರಿ 1,895. ಕಲ್ಹತ್ತಿಗಿರಿ 6,155 ಅಡಿ, ಅಂದರೆ 1,876 ಮೀಟರ್. ಕೆಮ್ಮಣ್ಣುಗುಂಡಿಯ ಗಿರಿಧಾಮ ಇರುವುದು 1,434 ಮೀಟರ್‌ನಲ್ಲಿ, ಆದರೆ ಅದು ಗಿರಿಧಾಮದ ಎತ್ತರ, ಅದರ ಬೆನ್ನಿಗಿರುವ ಗುಡ್ಡಗಳದ್ದಲ್ಲ. ಐದಾರು ಮೀಟರ್ ಆಚೀಚೆ ಆಗಿದ್ದಕ್ಕೆ ಜಗಳ ಆಡಬೇಡಿ. ಗಮನಿಸಬೇಕಾದ್ದು ಬೇರೆ ಇದೆ. ಮೊದಲ ಮೂರು ಗಿರಿಗಳ ನಡುವಿನ ವ್ಯತ್ಯಾಸ 60 ಮೀಟರ್ ಕೂಡ ಇಲ್ಲ. ಹಾಗಾಗಿಯೇ ಮೇಲೆ ನಿಂತಾಗ ಪಕ್ಕದ ಗಿರಿ ನಿಮಗಿಂತ ಎತ್ತರ ಅನಿಸುತ್ತದೆ, "ಅದೇ ಎತ್ತರ ಇದೆಯಲ್ಲಾ" ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಇಲ್ಲೇ ಇನ್ನೊಂದು ಮಾತು. "ಹಿಮಾಲಯ ಮತ್ತು ನೀಲಗಿರಿ ನಡುವೆ ಇದೇ ಅತಿ ಎತ್ತರದ ಶಿಖರ" ಅಂತ ಬಹಳ ಜನ ಬರೆಯುತ್ತಾರೆ, ಒಬ್ಬರದ್ದನ್ನು ನೋಡಿ ಇನ್ನೊಬ್ಬರು. ವಯನಾಡಿನ ಚೆಂಬ್ರ ಸುಮಾರು 2,100 ಮೀಟರ್, ಬಾಣಾಸುರ 2,073 ಮೀಟರ್. ಎರಡೂ ಊಟಿಯ ದೊಡ್ಡಬೆಟ್ಟಕ್ಕಿಂತ ಉತ್ತರಕ್ಕಿವೆ. ವಯನಾಡನ್ನೂ ನೀಲಗಿರಿಯ ಲೆಕ್ಕಕ್ಕೇ ಸೇರಿಸಿಕೊಂಡರೆ ಮಾತ್ರ ಆ ಮಾತು ನಿಲ್ಲುತ್ತದೆ. ವಯನಾಡಿನಿಂದ ಉತ್ತರಕ್ಕೆ ಬಂದರೆ ಆಗ ಸರಿ: ಕೊಡಗಿನ ತಡಿಯಂಡಮೋಳ್ 1,748, ಮಹಾರಾಷ್ಟ್ರದ ಕಳಸೂಬಾಯಿ 1,646, ಅಬು ಬೆಟ್ಟದ ಗುರುಶಿಖರ 1,722. ಮುಳ್ಳಯ್ಯನಗಿರಿಗೆ ಯಾವುದೂ ಸಾಟಿ ಇಲ್ಲ. ಕರ್ನಾಟಕದ ಮಟ್ಟಿಗಂತೂ ಅನುಮಾನವೇ ಬೇಡ.

3. ಯಾವುದು ಬೇರೆ ಗಿರಿ, ಯಾವುದು ಬರೀ ಉಬ್ಬು?

ನೆತ್ತಿಯ ಮೇಲಿಂದ ನೋಡಿದರೆ ಹತ್ತಾರು ತುದಿಗಳು ಕಾಣುತ್ತವೆ. ಎಲ್ಲಕ್ಕೂ ಹೆಸರಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಬೇರ್ಪಡಿಸುವುದಕ್ಕೆ ಒಂದು ಸರಳ ಪ್ರಶ್ನೆ ಸಾಕು. ಈ ತುದಿಯಿಂದ ಆ ತುದಿಗೆ ಏಣಿನ ಮೇಲೇ ನಡೆದುಕೊಂಡು ಹೋಗುವುದಾದರೆ ಮಧ್ಯೆ ಎಷ್ಟು ಕೆಳಗೆ ಇಳಿಯಬೇಕು? ಇಪ್ಪತ್ತು ಮೂವತ್ತು ಮೀಟರ್ ಇಳಿದು ಹತ್ತುವುದಾದರೆ ಅದು ಅದೇ ಬೆಟ್ಟದ ಹೆಗಲು. ಇನ್ನೂರು ಮುನ್ನೂರು ಮೀಟರ್ ಇಳಿಯಬೇಕು ಅಂದರೆ ಅದಕ್ಕೆ ಸ್ವಂತ ಅಸ್ತಿತ್ವ ಇದೆ ಅಂತ ಅರ್ಥ.

ಎರಡು ತುದಿಗಳ ನಡುವಿನ ಆ ತಗ್ಗಿಗೆ ನಮ್ಮ ಕಡೆ ಗಂಡಿ ಅನ್ನುತ್ತಾರೆ. ಬಾಬಾಬುಡನ್‌ಗಿರಿಗೆ ಹೋಗುವ ರಸ್ತೆಯಲ್ಲಿ ಕವಿಕಲ್ ಗಂಡಿ ಸಿಗುತ್ತದೆ, ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುವ ಜಾಗ. ರಸ್ತೆ ಯಾವಾಗಲೂ ಏಣನ್ನು ದಾಟಲು ಇಂಥ ತಗ್ಗನ್ನೇ ಹುಡುಕುತ್ತದೆ, ಎತ್ತುಗಳೂ ಕುದುರೆಗಳೂ ಓಡಾಡುತ್ತಿದ್ದ ಕಾಲದಿಂದ ಹಾಗೇ. ನಕ್ಷೆಯಲ್ಲಿ ರಸ್ತೆ ಏಣು ದಾಟುವ ಕಡೆ ಬೆರಳಿಟ್ಟರೆ ಬಹುತೇಕ ಗಂಡಿ ಅಲ್ಲೇ ಇರುತ್ತದೆ.

ಮನೆಪಾಠ ಒಂದು ಕೊಡುತ್ತೇನೆ. ಸೀತಾಳಯ್ಯನಗಿರಿಯನ್ನು ತೆಗೆದುಕೊಳ್ಳಿ. ಮುಳ್ಳಯ್ಯನಗಿರಿ ದಾರಿಯಲ್ಲೇ ಸಿಗುವ ಮಲ್ಲಿಕಾರ್ಜುನ ದೇವಸ್ಥಾನದ ಜಾಗ ಅದು. ಹೆಸರಿನಲ್ಲಿ ಗಿರಿ ಇದೆ. ಅದು ಬೇರೆ ಗಿರಿಯೋ, ಮುಳ್ಳಯ್ಯನಗಿರಿಯ ಹೆಗಲೋ? ಕಾಂಟೂರ್ ಗೆರೆ ಎಣಿಸಿ ನೀವೇ ತೀರ್ಮಾನ ಮಾಡಿ. ಇಳಿಯುವಾಗ ಎಷ್ಟು ಗೆರೆ ದಾಟಿದಿರಿ, ಅದನ್ನು ಇಪ್ಪತ್ತರಿಂದ ಗುಣಿಸಿ.

4. ಹತ್ತುವ ಮುಂಚೆ ಕೆಳಗಿನಿಂದ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಬೆಂಗಳೂರಿನಿಂದ ರಾತ್ರಿ ಹೊರಟು ಕತ್ತಲಲ್ಲೇ ಮೇಲೆ ಹತ್ತಿಬಿಟ್ಟರೆ ಬೆಟ್ಟದ ಆಕಾರವನ್ನು ನೀವು ನೋಡುವುದೇ ಇಲ್ಲ. ಹಿಂದಿನ ದಿನ ಸಂಜೆ ಚಿಕ್ಕಮಗಳೂರಿನಲ್ಲಿ ಇರಿ. ಊರಿಂದ ಮುಳ್ಳಯ್ಯನಗಿರಿ ವಾಯವ್ಯಕ್ಕಿದೆ, ನೇರ ದೂರ ಸುಮಾರು 10 ಕಿ.ಮೀ., ರಸ್ತೆಯಲ್ಲಿ ಅದರ ದುಪ್ಪಟ್ಟು. ಊರೇ ಹತ್ತತ್ತಿರ 1,090 ಮೀಟರ್ ಎತ್ತರದಲ್ಲಿರುವುದರಿಂದ ಶಿಖರ ನಮ್ಮ ತಲೆ ಮೇಲೆ ಉಳಿಯುವುದು 840 ಮೀಟರ್ ಮಾತ್ರ.

ಕೈಯನ್ನು ನೇರ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಹೆಚ್ಚೂ ಕಡಿಮೆ 10 ಡಿಗ್ರಿ. 840 ಮೀಟರ್ ಎತ್ತರ 10 ಕಿ.ಮೀ. ದೂರದಿಂದ ಐದು ಡಿಗ್ರಿಗೆ ಸ್ವಲ್ಪ ಕಡಿಮೆ ಕಾಣುತ್ತದೆ, ಅಂದರೆ ಅರ್ಧ ಮುಷ್ಟಿ. ಊರಿಂದ ನೋಡಿದಾಗ "ಇಷ್ಟೇನಾ ಕರ್ನಾಟಕದ ಎತ್ತರದ ಬೆಟ್ಟ" ಅನಿಸುವುದಕ್ಕೆ ಕಾರಣ ಇದೇ. ನೆಲವೇ ಎತ್ತರದಲ್ಲಿದೆ.

ಸಮಯ ಇದ್ದರೆ ಹಿರೇಕೊಳಲೆ ಕೆರೆ ಏರಿಗೂ ಹೋಗಿ. ಅದು ಗಿರಿಯ ದಕ್ಷಿಣದ ತಪ್ಪಲು. ಅಲ್ಲಿಂದ ಲಾಳದ ಹೊರಮೈ ಉದ್ದಕ್ಕೂ ಕಾಣುತ್ತದೆ. ಯಾವ ತುದಿಯ ಪಕ್ಕ ಯಾವ ತುದಿ ಅಂತ ಒಂದು ಚಿತ್ರ ಗೀಚಿಕೊಳ್ಳಿ. ಕೆಟ್ಟದಾಗಿ ಬರೆದರೂ ಪರವಾಗಿಲ್ಲ. ಮಾರನೇ ದಿನ ಮೇಲೆ ನಿಂತು ಅದೇ ಕೆರೆಯನ್ನು ನೋಡಿದಾಗ ಆ ಚಿತ್ರ ತಾನಾಗಿ ತಿರುಗಿ ಕೂರುತ್ತದೆ.

5. ಯಾವಾಗ ಹೋಗಬೇಕು

ಮಳೆಗಾಲದಲ್ಲಿ ಹಸಿರು ನೋಡಬಹುದು, ಗಿರಿ ನೋಡೋಕಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಡಿ ಆಚೆಗಿನ ಮನುಷ್ಯ ಕಾಣದ ದಿನಗಳೇ ಜಾಸ್ತಿ, ಜೊತೆಗೆ ಕಾಲಿಗೆ ಇಂಬಳ, ಅಂದರೆ ಜಿಗಣೆ. ಗಿರಿ ಗುರುತಿಸಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯದು, ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ. ಫೆಬ್ರವರಿ, ಮಾರ್ಚ್ ಬರುವಷ್ಟರಲ್ಲಿ ಧೂಳು, ಹೊಗೆ ಸೇರಿ ದೂರದ್ದೆಲ್ಲ ಮಸುಕು. ಆದರೆ ಏಪ್ರಿಲ್‌ನಲ್ಲಿ ಒಂದು ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ಸಿಕ್ಕರೆ ಬಿಡಬೇಡಿ.

ಬೆಳಿಗ್ಗೆ ಹೋದವರು ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಸೂರ್ಯೋದಯ ನೋಡಿ, ಬೇಡ ಅನ್ನಲ್ಲ. ಆದರೆ ಸೂರ್ಯ ಎದುರಿಗಿದ್ದರೆ ಆ ದಿಕ್ಕಿನ ಗುಡ್ಡಗಳೆಲ್ಲ ಕಪ್ಪು ನೆರಳಾಗಿ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ, ಯಾವುದು ಹಿಂದೆ ಯಾವುದು ಮುಂದೆ ಗೊತ್ತಾಗದು. ಐದು ನಿಮಿಷ ಬಿಟ್ಟು ಹಿಂದೆ ತಿರುಗಿ. ಬೆಳಕು ಬೆನ್ನ ಹಿಂದಿನಿಂದ ಬರುತ್ತಾ ಪಶ್ಚಿಮದ ಸಾಲುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ನೀವು ನಿಂತಿರುವ ಗಿರಿಯ ನೆರಳು ಜಾಗರ ಕಣಿವೆಯ ಕಡೆ ಉದ್ದಕ್ಕೆ ಬಿದ್ದಿರುವುದೂ ಆಗಲೇ ಕಾಣುವುದು. ಪೂರ್ವದ ಗಿರಿಗಳಿಗೆ ಸಂಜೆಯೇ ಸರಿ.

ಇನ್ನು ನಿಯಮಗಳು. ವಾರಾಂತ್ಯಕ್ಕೆ, ರಜೆಗೆ ವಾಹನಗಳ ಮೇಲೆ ಮಿತಿ ಇರಬಹುದು, ದತ್ತಜಯಂತಿಯ ದಿನಗಳಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ, ಸಂಜೆ ಇಂತಿಷ್ಟು ಹೊತ್ತಿಗೆ ಇಳಿಯಲೇಬೇಕು. ಇವು ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಜಿಲ್ಲಾಡಳಿತದ ಇತ್ತೀಚಿನ ಸೂಚನೆ ನೋಡಿಕೊಳ್ಳಿ.

6. ಹತ್ತುವಾಗ

ರಸ್ತೆಯಲ್ಲಿ ಹೋದರೆ ಕೈಮರ ದಾಟಿ, ಸೀತಾಳಯ್ಯನಗಿರಿ ಹಾದು, ಶಿಖರದ ಬುಡದವರೆಗೆ ಗಾಡಿ ಹೋಗುತ್ತದೆ. ಅಲ್ಲಿಂದ ಮೆಟ್ಟಿಲು, ಸುಮಾರು ಐನೂರು. ರಸ್ತೆ ತೀರಾ ಕಿರಿದು, ಎದುರಿಂದ ಒಂದು ಟೆಂಪೋ ಟ್ರಾವೆಲರ್ ಬಂದರೆ ಸಾಕು ರಿವರ್ಸ್ ಹಾಕುವ ಪರೀಕ್ಷೆ ಶುರು. ನಡೆಯುವವರಿಗೆ ಸರ್ಪದಾರಿ ಇದೆ. ಮೂರ್ನಾಲ್ಕು ಕಿಲೋಮೀಟರ್, ಹುಲ್ಲಿನ ಏಣಿನ ಮೇಲೆ ಸುತ್ತುತ್ತಾ ಹತ್ತುವ ದಾರಿ, ನೆರಳಿಲ್ಲ. ಭೂಗೋಳ ತಿಳಿಯಬೇಕು ಅನ್ನುವವರಿಗೆ ನನ್ನ ಓಟು ಸರ್ಪದಾರಿಗೇ, ಯಾಕೆಂದರೆ ಏಣು ಅಂದರೆ ಏನು ಅಂತ ಕಾಲಿಗೆ ಗೊತ್ತಾಗುತ್ತದೆ: ಎರಡೂ ಕಡೆ ಇಳಿಜಾರು, ನಡುವೆ ನೀವು. ಅನುಮತಿ ಬೇಕೇ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಗುಡುಗು ಕೇಳಿಸಿದರೆ ಏಣಿನ ಮೇಲೆ ನಿಲ್ಲಬೇಡಿ, ಆ ಬಯಲಲ್ಲಿ ನಿಮಗಿಂತ ಎತ್ತರದ ವಸ್ತು ಬೇರೆ ಇರುವುದಿಲ್ಲ.

ದಾರಿಯಲ್ಲಿ ಗಿಡಗಳನ್ನೂ ಗಮನಿಸಿ. ಏಣಿನ ಮೇಲೆಲ್ಲ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಒತ್ತಾದ ಕುಳ್ಳ ಕಾಡು. ಅದೇ ಶೋಲಾ. ಗಾಳಿ ಕಡಿಮೆ, ಮಣ್ಣು ದಪ್ಪ, ತೇವ ಜಾಸ್ತಿ ಇರುವ ಕಡೆ ಮರ ನಿಲ್ಲುತ್ತದೆ. ದೂರದಿಂದ ಕಪ್ಪು ಹಸಿರಿನ ಪಟ್ಟಿ ಕಂಡರೆ ಅಲ್ಲೊಂದು ಹಳ್ಳದ ಹುಟ್ಟು ಇದೆ ಅಂದುಕೊಳ್ಳಬಹುದು. ಈ ಹುಲ್ಲುಗಾವಲಿನಲ್ಲೇ 2022ರಲ್ಲಿ ಕುರಿಂಜಿ ಅರಳಿ ಜನ ಮುಗಿಬಿದ್ದಿದ್ದು.

7. ನೆತ್ತಿಯ ಮೇಲೆ: ದಿಕ್ಕು ಹಿಡಿದು ನೋಡುವುದು

ಮೇಲೆ ಮುಳ್ಳಪ್ಪ ಸ್ವಾಮಿಯ ಗದ್ದುಗೆ ಇರುವ ದೇವಸ್ಥಾನ, ಸುತ್ತ ಗೋಡೆ. ಕೈಮುಗಿದು, ಉಸಿರು ತಹಬದಿಗೆ ಬರಲಿ. ಫೋನಿನ ದಿಕ್ಸೂಚಿ ತೆರೆದು ಉತ್ತರ ಹಿಡಿಯಿರಿ. ಒಂದು ಎಚ್ಚರಿಕೆ: ಫೋನನ್ನಾಗಲಿ ದಿಕ್ಸೂಚಿಯನ್ನಾಗಲಿ ಬಂಡೆಯ ಮೇಲೆ ಇಡಬೇಡಿ, ಕೈಯಲ್ಲಿ ಎತ್ತರಕ್ಕೆ ಹಿಡಿಯಿರಿ. ಈ ಗಿರಿಯ ಕಲ್ಲಿನಲ್ಲಿ ಕಬ್ಬಿಣ ಇದೆ, ಅದರಲ್ಲೂ ಆಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್. ಮುಳ್ಳು ಸುಳ್ಳು ಹೇಳಬಹುದು. ಅನುಮಾನ ಬಂದರೆ ಚಿಕ್ಕಮಗಳೂರು ಊರನ್ನು ಹುಡುಕಿ. ಅದು ಆಗ್ನೇಯಕ್ಕಿರಬೇಕು. ಇದ್ದರೆ ಸರಿ.

ದಕ್ಷಿಣದಿಂದ ಶುರು ಮಾಡೋಣ. ಕೆಳಗೆ ನಿನ್ನೆ ನೋಡಿದ ಹಿರೇಕೊಳಲೆ ಕೆರೆ. ಅದರ ಎಡಕ್ಕೆ, ಅಂದರೆ ಆಗ್ನೇಯಕ್ಕೆ ಊರು. ಇದು ಲಾಳದ ಹೊರಗಡೆ. ಇಲ್ಲಿಂದ ಮುಂದಕ್ಕೆ ಇಷ್ಟು ಎತ್ತರದ ಬೆಟ್ಟ ಇಲ್ಲ, ನೆಲ ಬೇಲೂರಿನ ಕಡೆ ಏರಿಳಿಯುತ್ತಾ ಹೋಗುತ್ತದೆ.

ಪೂರ್ವಕ್ಕೆ ತಿರುಗಿ. ಹೊರಗೋಡೆಗೆ ಅಂಟಿದ ಹಾಗೆ, ಶಂಕುವಿನಂತೆ ಚೂಪಾಗಿ ಎದ್ದಿರುವುದು ದೇವೀರಮ್ಮನ ಬೆಟ್ಟ. ಅದರಾಚೆ ಬಯಲುಸೀಮೆ ಶುರು: ಕಡೂರು, ಸಖರಾಯಪಟ್ಟಣದ ಕಡೆ. ಬಣ್ಣ ಬದಲಾಗಿದ್ದು ಗಮನಿಸಿ. ನೈಋತ್ಯ ಮುಂಗಾರು ಪಶ್ಚಿಮದಿಂದ ಬರುತ್ತದೆ, ಮಳೆಯ ದೊಡ್ಡ ಪಾಲು ಈ ಗೋಡೆಗೆ ಬಡಿದು ಒಳಗೇ ಸುರಿಯುತ್ತದೆ. ಗೋಡೆಯ ಈಚೆ ಕಾಫಿ ತೋಟ, ಆಚೆ ಕೆರೆ ನಂಬಿದ ಬೇಸಾಯ.

ಈಶಾನ್ಯಕ್ಕೆ, ಉತ್ತರ ಮತ್ತು ಪೂರ್ವದ ನಡುವೆ, ಐದಾರು ಕಿಲೋಮೀಟರ್ ದೂರದಲ್ಲಿ ಬಾಬಾಬುಡನ್‌ಗಿರಿ. ದತ್ತಗಿರಿ ಅಂತಲೂ ಕರೆಯುತ್ತಾರೆ. ನೀವು ನಿಂತ ಜಾಗದಿಂದ ಅಲ್ಲಿಯವರೆಗೆ ಏಣು ಹೇಗೆ ಇಳಿದು ಹತ್ತುತ್ತದೆ ಅಂತ ಕಣ್ಣಲ್ಲೇ ನಡೆದು ನೋಡಿ. ನಡುವಿನ ಗಂಡಿ ಕಾಣುತ್ತದೆ, ರಸ್ತೆಯ ಗೀರೂ ಕಾಣುತ್ತದೆ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟಿದ್ದು ಇದೇ ಗಿರಿಯಲ್ಲಿ ಅಂತ ಪ್ರತೀತಿ.

ಈಗ ಬಾಟಲಿಯ ಕೆಲಸ. ಮುಕ್ಕಾಲು ನೀರು ಕುಡಿದಾಗಿದೆ ಅಂದುಕೊಳ್ಳುತ್ತೇನೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಬಾಟಲಿಯ ಮೈ ನುಣ್ಣಗಿರಬೇಕು. ಗಾಳಿ ಬಡಿಯದ ಕಡೆ ಗೋಡೆ ಮರೆಯಲ್ಲಿ ನಿಂತು, ಬಾಟಲಿಯನ್ನು ಕೈಚಾಚಿ ಮುಖದ ಮುಂದೆ ಹಿಡಿಯಿರಿ. ನೀರಿನ ಮೇಲ್ಮೈಯ ಈಚೆಯ ಅಂಚು, ಆಚೆಯ ಅಂಚು ಎರಡು ಬೇರೆ ಗೆರೆಗಳಾಗಿ ಕಾಣುತ್ತವೆ. ಬಾಟಲಿಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಾ ಎರಡೂ ಸೇರಿ ಒಂದೇ ಗೆರೆ ಆಗುವ ಜಾಗಕ್ಕೆ ತನ್ನಿ. ಆ ಗೆರೆ ನಿಮ್ಮ ಕಣ್ಣಿನ ಮಟ್ಟ. ಈಗ ಗೆರೆಯ ಹಿಂದೆ ಬಾಬಾಬುಡನ್‌ಗಿರಿಯ ತುದಿ ಎಲ್ಲಿದೆ ನೋಡಿ. ಗೆರೆಗಿಂತ ಮೇಲಿದ್ದರೆ ಅದು ನಿಮಗಿಂತ ಎತ್ತರ, ಕೆಳಗಿದ್ದರೆ ಕಡಿಮೆ. 35 ಮೀಟರ್ ವ್ಯತ್ಯಾಸ ಆರು ಕಿಲೋಮೀಟರ್ ದೂರದಲ್ಲಿ, ಚಾಚಿದ ಕೈಯ ಅಳತೆಯಲ್ಲಿ, ಮೂರ್ನಾಲ್ಕು ಮಿಲಿಮೀಟರ್ ಆಗುತ್ತದೆ. ಸಣ್ಣದು, ಆದರೆ ಕೈ ನಡುಗದಿದ್ದರೆ ಕಾಣುತ್ತದೆ. "ಅದೇ ಎತ್ತರ" ಅಂದವರ ಕೈಗೆ ಬಾಟಲಿ ಕೊಡಿ. ಕೆಲಸ ಆದ ಮೇಲೆ ಬಾಟಲಿ ವಾಪಸ್ ಬ್ಯಾಗಿಗೆ, ಪೊದೆಗಲ್ಲ.

ಉತ್ತರಕ್ಕೆ ನೋಡಿದರೆ ಲಾಳದ ಒಳಭಾಗ. ಕಾಲಬುಡದಲ್ಲೇ ಜಾಗರ ಕಣಿವೆ, ಬೆಳಿಗ್ಗೆ ಅದರ ತುಂಬ ಮಂಜು ಕೂತಿರುತ್ತದೆ. ಆಚೆ ದಡದಲ್ಲಿ, ಹದಿನೈದು ಹದಿನೇಳು ಕಿಲೋಮೀಟರ್ ದೂರಕ್ಕೆ, ಕೆಮ್ಮಣ್ಣುಗುಂಡಿಯ ಗುಡ್ಡಗಳು. ವಾಯವ್ಯಕ್ಕೆ ಸಾಲು ತಗ್ಗುತ್ತಾ ಹೋಗಿ ಬಾಯಿ ತೆರೆಯುತ್ತದೆ, ಭದ್ರಾ ಅಭಯಾರಣ್ಯದ ಕಾಡು, ಭದ್ರಾ ಹಿನ್ನೀರು ಎಲ್ಲ ಆ ದಿಕ್ಕಿನಲ್ಲೇ.

ಪಶ್ಚಿಮ ಮತ್ತು ನೈಋತ್ಯಕ್ಕೆ ನೋಡುವಾಗ ಸ್ವಲ್ಪ ತಾಳ್ಮೆ ಬೇಕು. ಇಲ್ಲಿಂದ ಘಟ್ಟದ ನಿಜವಾದ ಅಂಚಿಗೆ ಇನ್ನೂ ಸುಮಾರು ಐವತ್ತು ಕಿಲೋಮೀಟರ್ ಇದೆ. ಹೌದು, ಕರ್ನಾಟಕದ ಅತಿ ಎತ್ತರದ ಶಿಖರ ಘಟ್ಟದ ಮುಖ್ಯ ಸಾಲಿನ ಮೇಲೆ ಇಲ್ಲ, ಅದರಿಂದ ಪೂರ್ವಕ್ಕೆ ಬೇರೆಯೇ ನಿಂತಿದೆ. ನಡುವೆ ಭದ್ರಾ ನದಿಯ ಕಣಿವೆ, ಬಾಳೆಹೊನ್ನೂರಿನ ಕಡೆ. ಅದರಾಚೆಗೆ ಕುದುರೆಮುಖ. ಹುಡುಕಲು ನೇರ ಪಶ್ಚಿಮಕ್ಕೆ ಕೈ ಚಾಚಿ, ಅಲ್ಲಿಂದ ಎಡಕ್ಕೆ ಮೂರು ಮುಷ್ಟಿ ಅಳೆಯಿರಿ. ಡಿಸೆಂಬರ್ ಕೊನೆಯಲ್ಲಿ ಹೋದರೆ ಇನ್ನೂ ಸುಲಭ: ಆಗ ಸೂರ್ಯ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಅವನು ಮುಳುಗಿದ ಜಾಗದಿಂದ ಒಂದು ಮುಷ್ಟಿಯ ಒಳಗೇ ಎಡಕ್ಕೆ ಕುದುರೆಮುಖದ ದಿಕ್ಕು.

ಕುದುರೆಮುಖದ ಎತ್ತರ 1,894 ಮೀಟರ್, ಹೆಚ್ಚೂ ಕಡಿಮೆ ಬಾಬಾಬುಡನ್‌ಗಿರಿಯಷ್ಟೇ. ಆದರೆ ದೂರ 55ರಿಂದ 60 ಕಿ.ಮೀ. ಇಷ್ಟು ದೂರಕ್ಕೆ ಭೂಮಿಯ ದುಂಡಗಿನ ಮೈ ಶಿಖರವನ್ನು ಇನ್ನೂರು ಮೀಟರ್‌ಗಿಂತ ಜಾಸ್ತಿ ಕೆಳಗೆ ಎಳೆದಂತೆ ತೋರಿಸುತ್ತದೆ. ಬಾಟಲಿ ಪರೀಕ್ಷೆ ಇಷ್ಟು ದೂರಕ್ಕೆ ನಡೆಯುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ಹತ್ತು ಕಿಲೋಮೀಟರ್ ಒಳಗಿನ ಗಿರಿಗಳಿಗೆ ಮಾತ್ರ ಅದನ್ನು ಬಳಸಿ.

ಎದುರಿನ ಗಿರಿಗಳ ಹೆಸರು ತೋರಿಸುವ ಪೀಕ್‌ಫೈಂಡರ್ ತರಹದ ಆ್ಯಪ್ ಇದ್ದರೆ ಕೊನೆಯಲ್ಲಿ ತೆರೆದು ತಾಳೆ ನೋಡಿ, ಮೊದಲೇ ಬೇಡ. ಅದರಲ್ಲಿ ಗಿರಿಗಳ ಗೆರೆ ಸರಿಯಾಗಿಯೇ ಬರುತ್ತದೆ. ನಮ್ಮ ಕಡೆಯ ಸಣ್ಣ ಗಿರಿಗಳ ಹೆಸರಿಗೆ ಅದನ್ನು ನೆಚ್ಚಿಕೊಳ್ಳುವ ಬದಲು ದೇವಸ್ಥಾನದ ಹತ್ತಿರ ಚುರುಮುರಿ ಮಾರುವವರೋ ಜೀಪಿನವರೋ ಸಿಕ್ಕರೆ ಅವರನ್ನು ಕೇಳಿ.

8. ನೀರು ಎತ್ತ ಹೋಗುತ್ತದೆ

ಗಿರಿಯ ಭೂಗೋಳದಲ್ಲಿ ನನಗೆ ಅತ್ಯಂತ ಇಷ್ಟದ ಭಾಗ ಇದು. ನೆತ್ತಿಯ ಮೇಲೆ ಸುರಿದ ಒಂದೇ ಮಳೆ ಮೂರು ದಾರಿ ಹಿಡಿಯುತ್ತದೆ.

ಒಳಗೆ, ಜಾಗರದ ಕಡೆ ಬಿದ್ದ ನೀರು ಸೋಮವಾಹಿನಿ ಸೇರಿ, ಮುತ್ತೋಡಿ ಕಾಡಿನಲ್ಲಿ ಹರಿದು ಭದ್ರೆಗೆ ಹೋಗುತ್ತದೆ. ಭದ್ರೆ ಕೂಡಲಿಯಲ್ಲಿ ತುಂಗೆಯ ಜೊತೆಯಾಗಿ ತುಂಗಭದ್ರೆ. ಪೂರ್ವದ ಗೋಡೆಯ ಹೊರಕ್ಕೆ ಬಿದ್ದದ್ದು ಅಯ್ಯನಕೆರೆಯಂಥ ಕೆರೆಗಳನ್ನು ತುಂಬಿಸಿ, ವೇದಾ ಮತ್ತು ಆವತಿ ಅನ್ನುವ ಹೊಳೆಗಳಾಗಿ, ಎರಡೂ ಸೇರಿ ವೇದಾವತಿ. ಅದು ಮಾರಿಕಣಿವೆಯ ವಾಣಿವಿಲಾಸ ಸಾಗರ ದಾಟಿ, ಮುಂದೆ ಹಗರಿ ಅಂತ ಹೆಸರು ಬದಲಿಸಿ, ಕೊನೆಗೆ ಅದೇ ತುಂಗಭದ್ರೆಗೆ ಸೇರುತ್ತದೆ. ಅಂದರೆ ಲಾಳದ ಒಳಗೆ ಬಿದ್ದ ನೀರೂ ಹೊರಗೆ ಬಿದ್ದ ನೀರೂ ಇಡೀ ಮಧ್ಯ ಕರ್ನಾಟಕ ಸುತ್ತಿ ಮತ್ತೆ ಭೇಟಿಯಾಗುತ್ತವೆ. ದಕ್ಷಿಣಕ್ಕೆ ಇಳಿದ ನೀರಿನ ಕಥೆ ಬೇರೆ. ಅದು ಯಗಚಿ, ಬೇಲೂರಿನ ಮೂಲಕ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ತುಂಗಭದ್ರೆ ಮುಂದೆ ಕೃಷ್ಣೆಗೆ ಸೇರುವುದರಿಂದ, ಕೃಷ್ಣಾ ಮತ್ತು ಕಾವೇರಿ ಜಲಾನಯನಗಳ ಗಡಿ ಈ ಏಣಿನ ಮೇಲೇ ಹಾದುಹೋಗುತ್ತದೆ.

ಅರಬ್ಬಿ ಸಮುದ್ರಕ್ಕೆ ಇಲ್ಲಿಂದ ಒಂದು ಹನಿಯೂ ಹೋಗುವುದಿಲ್ಲ. ಮುಖ್ಯ ಸಾಲಿನ ಮೇಲಿರುವ ಕುದುರೆಮುಖದ ಕಡೆ ಹಾಗಲ್ಲ, ಅಲ್ಲಿ ನೇತ್ರಾವತಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಎರಡು ಗಿರಿಗಳ ಎತ್ತರ ಹೆಚ್ಚುಕಡಿಮೆ ಒಂದೇ, ನಿಂತ ಜಾಗ ಬೇರೆ, ಅದಕ್ಕೆ ನೀರಿನ ದಾರಿಯೂ ಬೇರೆ.

ಹೇಗೆ ಅಭ್ಯಾಸ ಮಾಡುವುದು? ನಕ್ಷೆಯಲ್ಲಿ ನೀಲಿ ಗೆರೆಗಳನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಬೆರಳು ಎಳೆಯಿರಿ. ಎಲ್ಲಿ ನೀಲಿ ನಿಲ್ಲುತ್ತದೋ ಅದರ ಮೇಲೆ ಏಣು ಇರುತ್ತದೆ. ಮೂರೂ ಕಡೆಯಿಂದ ಎಳೆದರೆ ನೀವು ಮೊದಲು ಪೆನ್ಸಿಲ್‌ನಲ್ಲಿ ಬರೆದ ಲಾಳವೇ ಮತ್ತೆ ಸಿಗಬೇಕು.

9. ಈ ಆಕಾರ ಬಂದದ್ದು ಹೇಗೆ

ಚುಟುಕಾಗಿ ಹೇಳುತ್ತೇನೆ. ಇಲ್ಲಿಯ ಕಲ್ಲು 250 ಕೋಟಿ ವರ್ಷಗಳಿಗೂ ಹಳೆಯದು. ಭೂವಿಜ್ಞಾನಿಗಳು ಬಾಬಾಬುಡನ್ ಗುಂಪು ಅಂತ ಕರೆಯುವ ಈ ಪದರಗಳಲ್ಲಿ ಅತಿ ಮೇಲಿನದಕ್ಕೆ ಮುಳ್ಳಯ್ಯನಗಿರಿಯದೇ ಹೆಸರು. ಅದರಲ್ಲಿ ಕಬ್ಬಿಣದ ಅದಿರು ಮತ್ತು ಸಿಲಿಕಾ ಪಟ್ಟೆಪಟ್ಟೆಯಾಗಿ ಕೂತಿವೆ. ಪದರಗಳು ಮಡಚಿಕೊಂಡವು, ಮೆತ್ತಗಿನ ಕಲ್ಲು ಸವೆದು ಹೋಯಿತು, ಗಟ್ಟಿ ಪಟ್ಟೆಕಲ್ಲು ಏಣಾಗಿ ಉಳಿಯಿತು. ದಾರಿ ಬದಿಯಲ್ಲಿ ಕೆಂಪು-ಕಪ್ಪು ಗೆರೆಗಳ ಭಾರವಾದ ಕಲ್ಲು ಸಿಕ್ಕರೆ ಕೈಯಲ್ಲಿ ಎತ್ತಿ ನೋಡಿ, ಅದೇ ಗಾತ್ರದ ಬೇರೆ ಕಲ್ಲಿಗಿಂತ ತೂಕ ಜಾಸ್ತಿ ಇರುತ್ತದೆ. ನೋಡಿ ಅಲ್ಲೇ ಇಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಇದೇ ಲಾಳದ ಉತ್ತರದ ತೋಳಾದ ಕೆಮ್ಮಣ್ಣುಗುಂಡಿಯಿಂದ.

10. ಪಕ್ಕದ ಗಿರಿಗಳಿಂದ ಮತ್ತೆ ನೋಡಿ

ಒಂದೇ ಕಡೆಯಿಂದ ನೋಡಿದರೆ ಅರ್ಧ ಗೊತ್ತಾದಂತೆ. ಮಧ್ಯಾಹ್ನದ ಮೇಲೆ ಅತ್ತಿಗುಂಡಿ ಮಾರ್ಗವಾಗಿ ಬಾಬಾಬುಡನ್‌ಗಿರಿಗೆ ಹೋಗಿ. ಗಾಳಿಕೆರೆ, ಮಾಣಿಕ್ಯಧಾರೆ ಎಲ್ಲ ಅಲ್ಲೇ. ಅಲ್ಲಿಂದ ನೈಋತ್ಯಕ್ಕೆ ತಿರುಗಿ ಮುಳ್ಳಯ್ಯನಗಿರಿಯನ್ನು ಹುಡುಕಿ, ಬಾಟಲಿ ಮತ್ತೆ ತೆಗೆಯಿರಿ. ಈ ಸಲ ಗಿರಿಯ ತುದಿ ನೀರಿನ ಗೆರೆಗಿಂತ ಮೇಲೆ ಕಾಣಬೇಕು. ಆದರೆ ನೀವು ನಿಲ್ಲುವುದು ಪೀಠದ ಹತ್ತಿರವೇ ಹೊರತು ಗಿರಿಯ ತುತ್ತತುದಿಯಲ್ಲಿ ಅಲ್ಲ, ಹಾಗಾಗಿ ವ್ಯತ್ಯಾಸ ಬೆಳಗಿನದಕ್ಕಿಂತ ದೊಡ್ಡದಾಗಿಯೇ ಇರುತ್ತದೆ.

ದೇವೀರಮ್ಮನ ಬೆಟ್ಟಕ್ಕೆ ಮನಸ್ಸು ಬಂದಾಗ ಹೋಗುವಂತಿಲ್ಲ. ದೀಪಾವಳಿಯ ಸಮಯದಲ್ಲಿ, ನರಕ ಚತುರ್ದಶಿಗೆ, ಸಾವಿರಾರು ಜನ ರಾತ್ರಿಯಿಂದಲೇ ಬರಿಗಾಲಲ್ಲಿ ಹತ್ತುತ್ತಾರೆ. ಮಲ್ಲೇನಹಳ್ಳಿ ಕಡೆಯಿಂದಲೂ ಮಾಣಿಕ್ಯಧಾರೆ ಕಡೆಯಿಂದಲೂ ದಾರಿ ಇದೆ. ಎರಡನೆಯದು ಅಂಚಿನ ಮೇಲಿಂದ ಬರುವ ದಾರಿ, ಮೊದಲನೆಯದು ಬುಡದಿಂದ ಹತ್ತುವುದು. ಯಾವುದು ಕಷ್ಟ ಅಂತ ನಕ್ಷೆಯ ಗೆರೆ ಎಣಿಸಿದರೆ ಗೊತ್ತಾಗುತ್ತದೆ. ಮಳೆ ಬಿದ್ದಿದ್ದರೆ ಎರಡೂ ಜಾರುತ್ತವೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಮುಂಚೆ ಯೋಚಿಸಿ.

ಕೆಮ್ಮಣ್ಣುಗುಂಡಿಗೆ ಇನ್ನೊಂದು ಇಡೀ ದಿನ ಇಡಿ. ಅಂಚಿನ ಮೇಲೇ ನಡೆದು ಹೋಗುವ ಹಳೆಯ ಚಾರಣದ ದಾರಿ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಗಾಡಿಯಲ್ಲಾದರೆ ಮಲ್ಲೇನಹಳ್ಳಿ, ಸಂತವೇರಿ ಮಾರ್ಗ ಹಿಡಿಯಿರಿ. ಆ ರಸ್ತೆ ಲಾಳದ ಪೂರ್ವದ ಗೋಡೆಯ ಹೊರಮೈಗೆ ಒರಗಿಕೊಂಡೇ ಉತ್ತರಕ್ಕೆ ಓಡುತ್ತದೆ, ಎಡಗಡೆ ಕಿಟಕಿ ಪಕ್ಕ ಕೂತವರಿಗೆ ಬೆಳಿಗ್ಗೆಯ ಬೆಳಕಿನಲ್ಲಿ ಗೋಡೆಯ ಮಡಿಕೆಗಳೆಲ್ಲ ಒಂದೊಂದಾಗಿ ಸಿಗುತ್ತವೆ. ಡ್ರೈವ್ ಮಾಡುವವರು ರಸ್ತೆ ನೋಡಿ.